ಖಾಲಿ ಕೊಡ ಮುಟ್ಟದವರು

ಜನವರಿ ೬, ಮಂಗಳವಾರ

ಚಳ್ಳಕೆರೆಯಲ್ಲಿ ಮನೆ ಸಿಕ್ಕಿತು. ಎಣ್ಣೆ ಗಿರಣಿಯ ಹಿಂದಿನ ಬೀದಿ, ಮೌಲಾ ಸಾಬರ ಮನೆಯ ಮಹಡಿ. ಕಿಟಕಿ ತೆರೆದರೆ ಶೇಂಗಾ ಹಿಂಡಿಯ ವಾಸನೆ, ಮುಚ್ಚಿದರೆ ನನ್ನದೇ ವಾಸನೆ. ಕೆಳಗೆ ಅವರ ಮಗ ಅಜ್ಮತ್‌ನ ಗ್ಯಾರೇಜು. ನಮ್ಮ ಯೋಜನೆಯ ಜೀಪು ಓಡಿಸುವವನೂ ಅವನೇ.

ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಬಹುದು. ಬದುಕಿನ ಮೇಲೆ ಭರವಸೆ ಕಳೆದುಕೊಂಡವರನ್ನು, ಅವರು ತಮಗೆ ತಾವು ಏನಾದರೂ ಮಾಡಿಕೊಳ್ಳುವ ಮೊದಲೇ, ಕೆಲವು ಪ್ರಶ್ನೆಗಳಿಂದ ಗುರುತಿಸುವುದು. ಹಾಗೆ ಗುರುತಿಸಿದವರ ಮನೆಗೆ ಆಪ್ತ ಸಮಾಲೋಚಕಿ ಮಾಲತಿ ವಾರಕ್ಕೊಮ್ಮೆ ಹೋಗಿ ಕೂತು ಮಾತಾಡುತ್ತಾಳೆ. ಎರಡು ತಾಲ್ಲೂಕಿಗೆ ಅವಳೊಬ್ಬಳೇ. ಪ್ರಶ್ನೆಗಳು ಅಳೆಯಬೇಕಾದ್ದನ್ನೇ ಅಳೆಯುತ್ತಿವೆಯೇ ಎಂದು ನೋಡಲು ನನ್ನನ್ನು ಕರೆಸಿದ್ದಾರೆ. ನಾನು ಯಾರ ಮನಸ್ಸನ್ನೂ ವಾಸಿ ಮಾಡುವವನಲ್ಲ. ತಕ್ಕಡಿ ರಿಪೇರಿಯವನು.

ಹಳೆಯ ಪ್ರಶ್ನೆ ಹೀಗಿದೆ: ‘ಕಳೆದ ಎರಡು ವಾರಗಳಲ್ಲಿ ನೀವು ಎಷ್ಟರಮಟ್ಟಿಗೆ ನಿರಾಶಾದಾಯಕ ಭಾವನೆಯನ್ನು ಅನುಭವಿಸಿದ್ದೀರಿ?’ ನನ್ನಿವಾಳದಲ್ಲಿ ಮುದುಕರೊಬ್ಬರು ಇದನ್ನು ಕೇಳಿ, “ಯಾವ ಕಿಲಾಸಿಂದವ್ವ ಇದು? ನಾನು ಮೂರನೇ ಕಿಲಾಸಿಗೇ ಬಿಟ್ಟೆ” ಎಂದರಂತೆ. ಮಾಲತಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಮುದುಕರ ಮಾತು ಸರಿಯಾಗಿತ್ತು.

ಜನವರಿ ೧೦

ಹೊಸ ಉಪಕರಣ ತಯಾರಾಯಿತು. ನಾಲ್ಕು ದಪ್ಪ ರಟ್ಟಿನ ಚೀಟಿಗಳು. ಮೊದಲನೆಯದರಲ್ಲಿ ಖಾಲಿ ಕೊಡ, ಎರಡನೆಯದರಲ್ಲಿ ತಳದಲ್ಲಿ ಸ್ವಲ್ಪ ನೀರು, ಮೂರನೆಯದರಲ್ಲಿ ಅರ್ಧ, ನಾಲ್ಕನೆಯದರಲ್ಲಿ ತುಂಬಿದ ಕೊಡ. ಪ್ರಶ್ನೆ ಇಷ್ಟೇ: “ನಾಳೆ ಮೇಲೆ ನಿಮಗೆ ಭರವಸೆ ಎಷ್ಟೈತೆ?” ಚೀಟಿಯ ಮೇಲೆ ಬೆರಳಿಡಬೇಕು. ಓದು ಬೇಡ, ಅಂಕಿ ಬೇಡ.

ವಾಡಿಕೆಯಂತೆ ಮೊದಲು ನನ್ನ ಮೇಲೆಯೇ ಪ್ರಯೋಗ ಮಾಡಿಕೊಂಡೆ. ಅರ್ಧ ಕೊಡ. ಯೋಚಿಸದೆ ಬೆರಳಿಟ್ಟೆ. ಹೆಂಡತಿ ತೀರಿಕೊಂಡ ಮೇಲಿನ ಮನುಷ್ಯನಿಗೆ ಇದು ಒಳ್ಳೆಯ ಅಂಕವೇ.

ಜನವರಿ ೧೯

ಮಾಲತಿಯ ಜೊತೆ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಿದ್ದೆ. ರಾಂಪುರ ದಾಟಿ ಬಲಕ್ಕೆ ತಿರುಗಿದರೆ ಒಂದು ಸಣ್ಣ ಊರು. ನೇಯುವವರ ಮನೆಗಳು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಕೆಲವೊಮ್ಮೆ ಒಂದೇ ವಾಕ್ಯ ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ಊರು ಸೇರುತ್ತದೆ.

ಜಗದಾಂಬ, ನಲವತ್ತರ ಹೆಂಗಸು, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಒಬ್ಬನೇ ಮಗ ಹೋದ ವರ್ಷ ಬಳ್ಳಾರಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಹೋಗಿದ್ದಾನೆ. ಗಂಡ ಅದಕ್ಕೂ ಮೊದಲೇ. ಆಮೇಲೊಂದು ಸಲ ಅವಳನ್ನು ಅಕ್ಕಪಕ್ಕದವರು ಹಗ್ಗದಿಂದ ಬಿಡಿಸಿದ್ದರು. ಮಾಲತಿಯ ಭೇಟಿ ಶುರುವಾದದ್ದು ಆಗಿನಿಂದ. ಮನೆಯಲ್ಲಿ ಈಗ ಅವಳು ಮತ್ತು ಅತ್ತೆ ಸೂರಮ್ಮ.

ಸೂರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವ್ರು ಡಾಕ್ಟ್ರಾ?” ಎಂದರು.

“ಅಲ್ಲಮ್ಮ, ಅಳೆಯೋರು,” ಎಂದಳು ಮಾಲತಿ.

“ಹೊಲಾನಾ?”

“ಮನ್ಸಾ.”

“ಅಯ್ಯೋ! ಹಂಗಾದ್ರೆ ನನ್ನ ಸೊಸೀದು ಅಳೀರಿ ಸ್ವಾಮಿ. ನಂದು ಅಳೆಯಾಕೆ ಹೋಗ್ಬ್ಯಾಡ್ರಿ, ಟೇಪು ಸಾಲಕಿಲ್ಲ.”

ಜಗದಾಂಬ ತಲೆಯೆತ್ತದೆ ನಕ್ಕಳು. ಮಾಲತಿ ಮಗ್ಗದ ಪಕ್ಕದಲ್ಲೇ ಕೂತು ಒಂದು ಗಂಟೆ ಏನೇನೋ ಮಾತಾಡಿದಳು: ಅಂಚಿನ ಬಣ್ಣ, ತಂಗಿಯ ಹೆರಿಗೆ, ಹಲ್ಲುನೋವು. ಅದರಲ್ಲಿ ಅಳೆಯಬಹುದಾದದ್ದು ಏನೂ ಇರಲಿಲ್ಲ. ಈ ಭೇಟಿಗಳಿಂದ ಏನು ಪ್ರಯೋಜನವೆಂದು ತಿಳಿಯುವ ಬಗೆ ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಜನವರಿ ೨೮

ಒಂದು ತೊಡಕು. ಚೀಟಿಗಳು ಕೈಯಿಂದ ಕೈಗೆ ಹೋಗಿ ಮಾಸಿವೆ. ಮೂರರ ಅಂಚು ಕಪ್ಪಾಗಿದೆ. ಖಾಲಿ ಕೊಡದ ಚೀಟಿ ಮಾತ್ರ ಪ್ರೆಸ್ಸಿನಿಂದ ಬಂದ ದಿನ ಹೇಗಿತ್ತೋ ಹಾಗೇ ಇದೆ. ಯಾರೂ ಮುಟ್ಟಿಲ್ಲ.

“ಯಾರು ಮುಟ್ತಾರೆ ಸರ್?” ಎಂದಳು ಮಾಲತಿ. “ಎಲ್ಲಿಗಾದ್ರೂ ಹೊಂಟಾಗ ಖಾಲಿ ಕೊಡ ಎದುರಿಗೆ ಬಂದ್ರೆ ನಮ್ಮವ್ವ ವಾಪಸ್ ಬಂದು ನೀರು ಕುಡ್ದು ಹೋಗ್ತಾಳೆ. ಒಬ್ಬಾಕೆ ಅಂತೂ ಚೀಟಿ ಬೋರಲು ಹಾಕಿಬಿಟ್ಲು.”

ಇದು ನನ್ನ ತಪ್ಪು. ಸಣ್ಣದು, ತಿದ್ದಬಹುದಾದದ್ದು. ಇನ್ನು ಮುಂದೆ ಬೆರಳಿಗಿಂತ ಬಾಯಿ ಮುಖ್ಯ. ಚೀಟಿ ತೋರಿಸುವುದು, ಅವರು ಬಾಯಲ್ಲಿ ಏನು ಹೇಳುತ್ತಾರೋ ಅದನ್ನೇ ಗುರುತು ಮಾಡುವುದು. ಇಲ್ಲ ಅಂದರೆ ಒಂದು, ತುಂಬ ಅಂದರೆ ನಾಲ್ಕು. ಮಾತನ್ನೆಲ್ಲ ಫೋನಿನಲ್ಲಿ ಧ್ವನಿಮುದ್ರಿಸಿ ನನಗೆ ಕೊಡಲು ಹೇಳಿದ್ದೇನೆ. ಉತ್ತರ ಕೊಡುವವರ ಸ್ವಂತ ಮಾತಿಗಿಂತ ಹೆಚ್ಚಿನ ಪ್ರಮಾಣ ಯಾವುದಿದೆ?

ಫೆಬ್ರವರಿ ೯

ಫಲಿತಾಂಶ ಬಂತು. ಚಳ್ಳಕೆರೆಯ ಕಡೆ ಅಂಕಗಳು ನಿರೀಕ್ಷಿಸಿದಂತೆ ಹರಡಿಕೊಂಡಿವೆ. ಮೊಳಕಾಲ್ಮೂರಿನ ಕಡೆ, ವಿಶೇಷವಾಗಿ ರಾಂಪುರದ ಸುತ್ತ, ತುಂಬಿದ ಕೊಡಗಳ ಸಾಲು. ಅತ್ಯಂತ ದುಃಖ ಕಂಡ ಮನೆಗಳಲ್ಲೂ ನಾಲ್ಕು. ವಾರದ ಭೇಟಿಗಳು ಕೆಲಸ ಮಾಡಿವೆ ಎಂದೇ ಅರ್ಥ. ಸುಂದರವಾದ ಫಲಿತಾಂಶ. ಇಷ್ಟು ಸುಂದರವಾಗಿದ್ದರೆ ಇನ್ನೊಮ್ಮೆ ನೋಡಬೇಕು ಎಂದು ಒಂದು ಕಾಲದಲ್ಲಿ ಪಾಠ ಹೇಳುತ್ತಿದ್ದೆ. ಇವತ್ತು ಆಯಾಸವಾಗಿತ್ತು.

ಜಗದಾಂಬಳ ಧ್ವನಿ ಕೇಳಿದೆ. ಪ್ರಶ್ನೆಯಾದ ಮೇಲೆ ಮಗ್ಗದ ಸದ್ದು ನಿಂತಿತು. ಆಮೇಲೆ, “ಭರವಸೆನಾ? ತುಂಬ್ಕೊಂಡೈತೆ ಕಣವ್ವ.” ಶಾಂತವಾದ ದನಿ. ಮಾಲತಿಯ ಟಿಪ್ಪಣಿಯಂತೆ, ಮೇಕೆ ಎರಡನ್ನೂ ಪಕ್ಕದ ಮನೆಯವರಿಗೆ ಸುಮ್ಮನೆ ಕೊಟ್ಟಿದ್ದಾಳೆ. ಮಗನ ಬಟ್ಟೆಗಳನ್ನು ಬೀದಿಯ ಹುಡುಗರಿಗೆ ಹಂಚಿದ್ದಾಳೆ. ಮಾಲತಿಗೆ ತನ್ನ ಮದುವೆಯ ಸೀರೆಯನ್ನೇ ಕೊಡಲು ಬಂದಿದ್ದಳಂತೆ. ಫಾರಂನ ‘ಇತರರೊಂದಿಗೆ ಬೆರೆಯುವಿಕೆ’ ಎಂಬ ಸಾಲಿನಲ್ಲಿಯೂ ನಾಲ್ಕು ಹಾಕಿದೆ.

ರಾಂಪುರದ ಕಡೆಯ ಭೇಟಿಗಳನ್ನು ನಿಲ್ಲಿಸಿ ಮಾಲತಿಯನ್ನು ಪೂರ್ತಿಯಾಗಿ ಚಳ್ಳಕೆರೆಯ ಹಳ್ಳಿಗಳಿಗೆ ಹಾಕಲು ಸಹಿ ಮಾಡಿದೆ.

“ಜಗದಾಂಬಕ್ಕನ್ನ ಬಿಡಾಕೆ ಮನ್ಸಿಲ್ಲ ಸರ್,” ಎಂದಳು.

“ಯಾಕೆ?”

“ಸುಮ್ನೆ. ಮನ್ಸಿಗೆ ಏನೋ ಅನ್ನಿಸ್ತೈತೆ.”

“ಆ ಅನಿಸಿಕೆ ಸಾಲದು ಅಂತಲೇ ಅಲ್ಲವೇನಮ್ಮ ಇಷ್ಟೆಲ್ಲ ಮಾಡಿದ್ದು?”

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದಳು. ಬಾಗಿಲನ್ನು ಬಹಳ ಮೆಲ್ಲಗೆ ಮುಚ್ಚಿದಳು. ಸಿಟ್ಟಿನ ಒಂದು ಬಗೆ ಅದು.

ಫೆಬ್ರವರಿ ೧೬

ನಿನ್ನೆ ಶಿವರಾತ್ರಿ. ನಾನು ಉಪವಾಸ ಮಾಡಲಿಲ್ಲ, ಊಟವನ್ನೂ ಮಾಡಲಿಲ್ಲ. ವ್ಯತ್ಯಾಸ ಯಾರಿಗೂ ಕಾಣದು.

ಕುಕ್ಕರನ್ನು ಮೌಲಾ ಸಾಬರ ಹೆಂಡತಿ ಖಾತೂನ್ ಬೀ ಅವರಿಗೆ ಕೊಟ್ಟೆ. ಒಬ್ಬನಿಗಾಗಿ ಅದನ್ನು ತೊಳೆಯುವುದು ಅನ್ಯಾಯ. ಕೈಗಡಿಯಾರವನ್ನು ಅಜ್ಮತ್‌ಗೆ. ಅವನು ಅದನ್ನು ಅಂಗೈಯಲ್ಲಿ ಮಗುಚಿ ನೋಡಿ, “ಏನ್ ಸಾರ್, ಎಲ್ಲಾ ಬಾಟ್ ಮಾಡಿ ಹಂಚ್ತಾ ಇದೀರ! ದುಕಾನ್ ಬಂದ್ ಮಾಡೋರ ಥರ” ಎಂದ.

“ಸಾಮಾನು ಕಮ್ಮಿಯಾದರೆ ಹಗುರ,” ಎಂದೆ.

“ನಮ್ಮಮ್ಮಿ ಕೇಳ್ತಾರೆ, ಸಾರ್ ಅನ್ನ ಯಾವುದ್ರಾಗೆ ಮಾಡ್ಕಂತಾರೆ ಅಂತ.”

ದಾವಣಗೆರೆಯಲ್ಲಿ ಓದುತ್ತಿರುವ ಮಗಳು ರಶ್ಮಿತಾ ಸಂಜೆ ಫೋನ್ ಮಾಡಿದಳು. ಊಟ ಆಯ್ತಾ ಅಪ್ಪಾ ಎಂದಳು. ಆಯಿತು ಎಂದೆ. ಏನು ಮಾಡಿದ್ದಿರಿ ಎಂದಳು. ಚಿತ್ರಾನ್ನ ಎಂದೆ.

ಫೆಬ್ರವರಿ ೨೦

ಇವತ್ತು ಚೀಟಿಗಳನ್ನು ಮತ್ತೆ ನನ್ನ ಮುಂದೆ ಹರಡಿಕೊಂಡೆ. ಒಂದೇ ಮನುಷ್ಯನನ್ನು ಕಾಲಾಂತರದಲ್ಲಿ ಅಳೆದರೆ ಉಪಕರಣದ ಸ್ಥಿರತೆ ತಿಳಿಯುತ್ತದೆ. ತುಂಬಿದ ಕೊಡ. ಹೋದ ತಿಂಗಳಿಗಿಂತ ಮೇಲೇರಿದ್ದೇನೆ. ಯಾವುದಕ್ಕೂ ಅವಸರವಿಲ್ಲ, ಯಾವುದೂ ಬಾಕಿಯಿಲ್ಲ. ಸ್ವಚ್ಛವಾದ ಒಂದು ನೆಮ್ಮದಿ. ಇದನ್ನು ಯಾರಿಗೂ ಹೇಳಬೇಕೆನ್ನಿಸುವುದಿಲ್ಲ.

ಪುಸ್ತಕಗಳನ್ನು ಕಟ್ಟಿಟ್ಟಿದ್ದೇನೆ. ಊರಿನ ಕಾಲೇಜಿನ ಗ್ರಂಥಾಲಯದವರು ಬಂದು ಒಯ್ಯಬಹುದು.

ಫೆಬ್ರವರಿ ೨೪

ರಾಂಪುರದಲ್ಲಿ ಪಂಚಾಯ್ತಿಯವರೊಡನೆ ಸಭೆ. ‘ನಿಮ್ಮ ಕಡೆಯ ಜನ ಗಟ್ಟಿ’ ಎಂದು ನಾನೇ ವರದಿ ಓದಿದೆ. ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಜುಂಜಮ್ಮ ಎಂಬಾಕೆಯ ಖಾನಾವಳಿಗೆ ಅಜ್ಮತ್ ಎಳೆದುಕೊಂಡು ಹೋದ. ಮುದ್ದೆ ಇದೆಯಾ ಎಂದೆ. “ಮುದ್ದೆ ತುಂಬ್ಕೊಂಡೈತೆ ಸ್ವಾಮಿ,” ಎಂದಳು. ಸರಿ, ಎರಡು ಹಾಕಿ ಎಂದೆ. ಆಕೆ ನನ್ನನ್ನೇ ನೋಡುತ್ತ ನಿಂತಳು. ನಾನೂ ನೋಡುತ್ತ ಕೂತೆ. ಅಜ್ಮತ್‌ಗೆ ನಗು ತಡೆಯಲಾಗಲಿಲ್ಲ.

“ಸಾರ್, ಮುದ್ದೆ ಖಲಾಸ್ ಅಂತ!”

“ಹೇ, ಬಾಯ್ಮುಚ್ಚಲೇ ಸಾಬಣ್ಣ,” ಎಂದು ಜುಂಜಮ್ಮ ಅವನನ್ನು ಗದರಿದಳು. “ಉಣ್ಣೋ ಹೊತ್ನಾಗೆ ಖಾಲಿ ಗೀಲಿ ಅಂತ ಅನ್ಬಾರ್ದು. ಅನ್ನದ ತಾವು ಅಂಥ ಮಾತಾಡ್ತಾರಾ? ಮುಗಿದ್ರೆ ನಮ್ಮ ತೆಲುಗ್ನಾಗೆ ‘ನಿಂಡುಕುಂದಿ’, ತುಂಬ್ಕೊಂತು ಅಂತೀವಿ. ಕನ್ನಡದಾಗೆ ಹಂಗೇ ಅಂದೆ.”

ತಮಾಷೆಯಾಗಿತ್ತು. ಬರೆದಿಡೋಣವೆನ್ನಿಸಿತು. ಅನ್ನ ಹಾಕಲೇ ಎಂದಳು, ಬೇಡವೆಂದೆ. ಅಜ್ಮತ್ ಒಬ್ಬನೇ ಉಂಡ.

ಫೆಬ್ರವರಿ ೨೫

ಗಿರಣಿ ಇಡೀ ದಿನ ಓಡಿತು. ಏನೂ ಮಾಡಲಿಲ್ಲ. ರಶ್ಮಿತಾಳ ಕರೆ ಎರಡು ಸಲ. ಫೋನನ್ನು ಬಟ್ಟೆಯ ಕೆಳಗಿಟ್ಟೆ.

ಫೆಬ್ರವರಿ ೨೬

ಏನೂ ಇಲ್ಲ.

ಫೆಬ್ರವರಿ ೨೭, ಶುಕ್ರವಾರ

ಇದನ್ನು ರಾಂಪುರದಾಚೆಯ ಊರಲ್ಲಿ, ಸೂರಮ್ಮನವರ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಕಾಲೇಜಿನವರು ಪುಸ್ತಕ ಒಯ್ದರು. ಕೋಣೆ ಬರಿದಾಗಿ, ಗೋಡೆಗಳ ಮಧ್ಯೆ ನನ್ನ ಕೆಮ್ಮು ಕೂಡ ಬೇರೆಯವರದೆಂಬಂತೆ ಕೇಳಿತು. ಮಾಡಲು ಬೇರೇನೂ ಇಲ್ಲದೆ ಧ್ವನಿಮುದ್ರಿಕೆಗಳನ್ನು ಹಾಕಿದೆ. ‘ತುಂಬ್ಕೊಂಡೈತೆ.’ ಜಗದಾಂಬಳ ದನಿಯಲ್ಲಿ ಜುಂಜಮ್ಮ ಮಾತಾಡಿದಂತಾಯಿತು. ಇನ್ನೊಂದು ಹಾಕಿದೆ. ಮತ್ತೊಂದು. ರಾಂಪುರದ ಕಡೆಯವರಲ್ಲಿ ‘ತುಂಬ ಐತೆ’ ಎಂದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ‘ತುಂಬ್ಕೊಂಡೈತೆ.’ ಖಾಲಿ ಎನ್ನಬಾರದ್ದನ್ನು ಅವರು ಖಾಲಿ ಎನ್ನದೆ ಹೇಳಿದ್ದರು. ನಾವು ಒಂದರ ಜಾಗದಲ್ಲಿ ನಾಲ್ಕು ಹಾಕಿದ್ದೆವು. ಯಾರು ಎಷ್ಟು ಬರಿದಾಗಿದ್ದರೋ ಅಷ್ಟು ಎತ್ತರಕ್ಕೆ ಏರಿಸಿದ್ದೆವು.

ಮಾಲತಿಗೆ ಫೋನ್ ಮಾಡಿದೆ. ಅವಳು ನನ್ನಿವಾಳದಲ್ಲಿದ್ದಳು.

“ನಿಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ ಏನಂತಾರೆ?”

“ಅಕ್ಕಿ ಹೆಚ್ಚೈತೆ ಅಂತೀವಿ ಸರ್. ಬಳೆ ಒಡೆದ್ರೂ ಹೆಚ್ಚಿದ್ವು ಅಂತ. ಯಾಕೆ ಸರ್?”

“ತುಂಬ್ಕೊಂಡೈತೆ ಅಂದರೆ?”

ಅವಳ ಹಿಂದೆ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಆಮೇಲೆ, “ಫಾರಂನಾಗೆ ತುಂಬ ಅಂದ್ರೆ ತುಂಬಾನೇ ಅಂದ್ಕಂಡೆ ಸರ್,” ಎಂದಳು. “ಜಗದಾಂಬಕ್ಕ ಆ ಸೀರೆ... ನಾನು ಬ್ಯಾಡ ಅಂದೆ. ಇಟ್ಕಳವ್ವ, ನಂಗಿನ್ನ್ಯಾಕೆ ಅಂದ್ಲು.”

ಮೇಕೆಗಳು, ಮಗನ ಬಟ್ಟೆ, ಸೀರೆ. ಎಲ್ಲಕ್ಕೂ ನಾನೇ ಅಂಕ ಕೊಟ್ಟಿದ್ದೆ. ಮನೆ ಖಾಲಿ ಮಾಡುವವರು ಎಲ್ಲಿಗೆ ಹೊರಟಿದ್ದಾರೆಂದು ಎಂಥ ಮೂರ್ಖನೂ ಕೇಳುತ್ತಾನೆ. ಇಷ್ಟು ದಿನ ಅವಳನ್ನು ನೋಡಲು ಯಾರೂ ಹೋಗಿರಲಿಲ್ಲ. ಹೋಗಬೇಡಿ ಎಂದು ಸಹಿ ಮಾಡಿದವನು ನಾನು. ಊರಿನ ಯಾರ ಫೋನ್ ನಂಬರಾದರೂ ಇದೆಯಾ ಎಂದೆ. ಪಕ್ಕದ ಮನೆಯ ಮಾರುತೇಶನದಿತ್ತು. ಅವನು ಎತ್ತಲಿಲ್ಲ.

ನನ್ನಿವಾಳದಿಂದ ಮಾಲತಿಯನ್ನು ಹತ್ತಿಸಿಕೊಂಡು ಹೊರಟೆವು. ಅಜ್ಮತ್ ಎಂದೂ ಓಡಿಸದ ಹಾಗೆ ಓಡಿಸಿದ. ಮಾಲತಿ ಹಿಂದಿನ ಸೀಟಿನಲ್ಲಿ ಮಾರುತೇಶನಿಗೆ ಫೋನ್ ಮಾಡುತ್ತಲೇ ಇದ್ದಳು. ಅಜ್ಮತ್‌ಗೆ ವಿಷಯ ಹೇಳಿದೆ. ಅವನು ಗೇರು ಬದಲಿಸಿ, “ಸಾರ್, ಹಂಗಾದ್ರೆ ಎಲ್ಲಾ ಕೊಡೋರು ಅಂದ್ರೆ...” ಎಂದು ನನ್ನ ಕಡೆ ತಿರುಗಿದ.

“ರಸ್ತೆ ನೋಡಿ ಓಡಿಸು,” ಎಂದೆ.

ಸೂರಮ್ಮ ಬಾಗಿಲಲ್ಲೇ ಸಿಕ್ಕಿದರು. “ಬರ್ರಿ ಬರ್ರಿ, ಮರ್ತೇಬಿಟ್ರೇನೋ ಅಂದ್ಕಂಡಿದ್ವಿ.”

“ಅಕ್ಕ ಎಲ್ಲವ್ಳೆ?” ಎಂದಳು ಮಾಲತಿ.

“ಹಿತ್ಲಾಗೆ. ಏನ್ ಚೆಂದಾಗಿ ಅವ್ಳೆ ಅಂತೀಯವ್ವ ಈಗ! ಮೊನ್ನೆ ಮಗ್ಗದಾಗಿನ ಸೀರೆ ಕೊಯ್ದು ನೂಲು ಕೊಡೋ ಸೇಟಿಗೆ ಕೊಟ್ಲು. ಹೊಸ ಎಳೆ ಹಾಕ್ತೀನಿ ಅಂತ ಅವ್ನು ಬಂದ್ರೆ ಬ್ಯಾಡ ಅಂದ್ಲು. ಮನೆಯೆಲ್ಲಾ ಸಾರ್ಸಿ, ನನ್ನ ಸೀರೆಯೆಲ್ಲಾ ಒಗ್ದು ಮಡ್ಚಿ ಇಟ್ಟವ್ಳೆ. ನಿನ್ನೆ ನನ್ನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ್ಲು, ಏಸೋ ವರ್ಷ ಆದ್ಮ್ಯಾಲೆ.”

ಮಗ್ಗ ಬೋಳಾಗಿತ್ತು. ಸೀರೆ ಕೊಯ್ದ ಮೇಲೆ ಉಳಿದ ಎಳೆಗಳ ತುದಿಗೆ ಹೊಸ ಎಳೆಗಳನ್ನು ಗಂಟು ಹಾಕುತ್ತಾರೆ, ಹಳೆಯದನ್ನು ಪೂರ್ತಿ ಬಿಚ್ಚುವುದಿಲ್ಲ, ಇಲ್ಲದಿದ್ದರೆ ಮತ್ತೆ ಮೊದಲಿಂದ ಒಂದೊಂದನ್ನೂ ಪೋಣಿಸಬೇಕು ಎಂದು ಮೊದಲ ಸಲ ಬಂದಾಗ ಜಗದಾಂಬಳೇ ಹೇಳಿದ್ದಳು. ಈಗ ಒಂದು ಎಳೆಯೂ ಉಳಿದಿರಲಿಲ್ಲ.

ಜಗದಾಂಬ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ತಲೆ ಬಾಚಿ, ತೊಳೆದ ಸೀರೆಯುಟ್ಟು. ಮಾಲತಿ ಹೋಗಿ ಅವಳ ಕೈ ಹಿಡಿದುಕೊಂಡಳು. ಕೇಳಬೇಕಾದವನು ನಾನೇ ಎಂದು ತಿಳಿಯಿತು. ಚೀಟಿಗಳು ಜೀಪಿನಲ್ಲಿದ್ದವು. ಇಪ್ಪತ್ತೈದು ವರ್ಷಗಳಿಂದ ನಾನು ಯಾರನ್ನೂ, ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಳ್ಳದೆ, ಏನನ್ನೂ ಕೇಳಿಲ್ಲ.

“ಜಗದಾಂಬ,” ಎಂದೆ. “ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?”

ಮಾಲತಿ ಬೆಚ್ಚಿದಳು. ಹಿಂದೆ ಬಂದು ನಿಂತಿದ್ದ ಸೂರಮ್ಮ, “ಥೂ, ಬಿಡ್ತು ಅನ್ರಿ!” ಎಂದರು. “ಸಂಜೆ ಹೊತ್ನಾಗೆ ಎಂಥ ಮಾತು ಸ್ವಾಮಿ!”

ಜಗದಾಂಬ ಮಾತ್ರ ನನ್ನ ಮುಖವನ್ನೇ ನೋಡಿದಳು. ಕಷ್ಟದ ಕೆಲಸವೊಂದನ್ನು ಬೇರೆಯವರು ಕೈಯಿಂದ ಇಸಿದುಕೊಂಡರೆ ನೋಡುವ ಹಾಗೆ.

“ಹೂಂ,” ಎಂದಳು.

ಅತ್ತೆ ಗೋಡೆ ಹಿಡಿದು ಕೂತರು.

“ಯಾವತ್ತಿಂದ?”

“ಮಗ ಹೋದಾಗಿಂದ ಐತೆ ಸ್ವಾಮಿ ಅದು. ಹೊಸದೇನಲ್ಲ. ಈಯಮ್ಮ ಸ್ವಾಮಾರ ಸ್ವಾಮಾರ ಬರ್ತಿದ್ಲು. ಇವತ್ತು ಸಾಕು ಅನ್ನಿಸ್ದಾಗ, ಸ್ವಾಮಾರ ಮಾಲತಿ ಬತ್ತಾಳೆ, ಹೇಳ್ದೆ ಹೋಗಬಾರ್ದು, ಅಲ್ಲೀತಂಕ ಇರಾನ ಅಂದ್ಕಂತಿದ್ದೆ. ಬಂದ್ಮ್ಯಾಲೆ, ಮುಂದಿನ ಸ್ವಾಮಾರ. ಹಂಗೇ ವರ್ಷ ಹೋತು.” ಮಾಲತಿಯ ಕೈಯನ್ನು ಅವಳೇ ತಟ್ಟಿದಳು, ಸಮಾಧಾನ ಮಾಡುವವಳಂತೆ. “ಈಗ ಸ್ವಾಮಾರ ಇಲ್ಲವಲ್ಲ.”

ಸೋಮವಾರ. ಆ ಭೇಟಿಗಳಿಂದ ಏನು ಪ್ರಯೋಜನ ಎಂದು ನಾನು ಕೇಳಿದ್ದೆ.

ಮಾಲತಿ ಮೊಳಕಾಲ್ಮೂರಿನ ಆಸ್ಪತ್ರೆಗೆ ಮಾತಾಡಿದ್ದಾಳೆ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಇವತ್ತು ಇಲ್ಲಿಯೇ ಉಳಿಯುತ್ತಾಳೆ. ಹಿತ್ತಲಿನಿಂದಲೂ ಅಟ್ಟದಿಂದಲೂ ಏನೇನು ತೆಗೆದಿಡಬೇಕೋ ಅದನ್ನು ಅಜ್ಮತ್ ಮತ್ತು ಮಾರುತೇಶ ತೆಗೆದು ಮಾರುತೇಶನ ಮನೆಗೆ ಸಾಗಿಸಿದರು. ಉಳಿದ ತುಂಬಿದ ಕೊಡಗಳ ಪಟ್ಟಿ ನನ್ನ ಹತ್ತಿರ ಇದೆ. ನಾಳೆಯಿಂದ ಒಂದೊಂದು ಬಾಗಿಲೂ ತಟ್ಟಬೇಕು. ಎಲ್ಲ ಬಾಗಿಲೂ ಸಮಯಕ್ಕೆ ತೆರೆಯುತ್ತವೆ ಎಂದು ನಂಬಲು ನನ್ನಲ್ಲಿ ಆಧಾರವಿಲ್ಲ.

ಹೊರಡುವಾಗ ಜಗದಾಂಬಳಿಗೆ, “ಸೋಮವಾರ ಮಾಲತಿ ಬರ್ತಾಳೆ. ನಾನೂ ಬರ್ತೀನಿ,” ಎಂದೆ. ಹೇಳಬೇಕೆಂದು ಯೋಚಿಸಿರಲಿಲ್ಲ.

ಅವಳು ನನ್ನ ಸಡಿಲವಾಗಿ ಜೋಲುವ ಅಂಗಿಯನ್ನು, ಕೊರಳನ್ನು, ಮುಖವನ್ನು ನಿಧಾನವಾಗಿ ನೋಡಿದಳು. ನೂಲಿನಲ್ಲಿ ಎಲ್ಲಿ ಹರಿದಿದೆ ಎಂದು ಹುಡುಕುವವರ ನೋಟ.

“ಸ್ವಾಮಾರದ ತಂಕ ನೀವು ಇರ್ತೀರಾ ಸ್ವಾಮಿ?” ಎಂದಳು.

ಸೂರಮ್ಮ, “ಅವ್ರಿಗೇನ್ ಕೆಲ್ಸ ಇರಾಕಿಲ್ವಾ, ಇಲ್ಲೇ ಇರ್ತಾರಾ?” ಎಂದು ಗದರಿದರು. ಅವರಿಗೆ ಪ್ರಶ್ನೆ ಬೇರೆಯಾಗಿ ಕೇಳಿಸಿತ್ತು. ಮಾಲತಿ ತಲೆಯೆತ್ತಿದಳು. ಜೀಪಿನ ಹತ್ತಿರ ಅಜ್ಮತ್, ನನ್ನ ಗಡಿಯಾರ ಕಟ್ಟಿದ ಕೈಯಲ್ಲಿ ಬಾಗಿಲು ಹಿಡಿದು, ನಿಂತೇ ಇದ್ದ.

ನಾನು ಜೀಪಿಗೆ ಹೋಗಲಿಲ್ಲ, ಈ ಜಗಲಿಯ ಮೇಲೆ ಕೂತೆ. ದೀಪ ಹಚ್ಚಿದ್ದಾರೆ. ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದಾಳೆ.